ಬೇಜಾರ ಅಂದರೆ

"ಇಲ್ಲವಾ, ಹಂಥಾದ್ದೇನೂ ಇಲ್ಲ," ಎಂದು ಪ್ರೇಮಾ ಅವಲಕ್ಕಿಯ ತಟ್ಟೆಯನ್ನು ವಿಭಾಳ ಕಡೆ ಇನ್ನಷ್ಟು ಸರಿಸಿದಳು. "ನಮ್ಮ ರುಚಿತಾ ಭಾಳ ಶಾಣ್ಯಾಕಿ. ಒಂದು ಮಾತು ಎದುರಾಡೂದಿಲ್ಲ. ಕಾಲೇಜು, ಕ್ಲಾಸು, ತನ್ನ ಖೋಲಿ. ಅಷ್ಟ."

ವಿಭಾ ತಲೆಯಾಡಿಸಿ ಬರೆದುಕೊಂಡಳು. ಹದಿಹರೆಯದವರ ಮನಸ್ಸಿನ ಆರೋಗ್ಯ, ಅವರು ತಮಗೆ ತಾವೇ ಮಾಡಿಕೊಳ್ಳುವ ಗಾಯ, ಇದರ ಮೇಲೆ ನಾಶಿಕ್ ಮತ್ತು ಸಂಭಾಜಿನಗರ ಎರಡೂ ಊರುಗಳಲ್ಲಿ ನಡೆದಿದ್ದ ಸಂಶೋಧನೆಯಲ್ಲಿ ಅವಳು ಕೆಲಸ ಮಾಡುತ್ತಿದ್ದಳು. ಮಕ್ಕಳು ಕಾಲೇಜಿನಲ್ಲಿ ಹೆಸರು ಬರೆಯದೆ ಉತ್ತರ ಕೊಟ್ಟಾಗಿತ್ತು. ಈಗ ಒಪ್ಪಿಗೆ ಕೊಟ್ಟ ತಾಯಂದಿರನ್ನು ಮನೆಗೆ ಹೋಗಿ ಮಾತಾಡಿಸುವ ಸರದಿ. ಬಾಗಿಲಲ್ಲಿ ನಿಂತು ಮರಾಠಿಯಲ್ಲಿ ಹೆಸರು ಹೇಳಿಕೊಂಡ ಈ ಹುಡುಗಿಯ ತಂದೆ ಗದಗಿನವರು, ನಾಶಿಕದ ಹತ್ತಿರ ಓಝರದ ವಿಮಾನ ಕಾರ್ಖಾನೆಯಲ್ಲಿದ್ದವರು ಎಂದು ತಿಳಿದದ್ದೇ ತಡ, ಪ್ರೇಮಾಳಿಗೆ ತವರಿನವರು ಬಂದಷ್ಟು ಹಿಗ್ಗು. ಪ್ರಶ್ನೆಗಿಶ್ನೆ ಆಮೇಲೆ, ಮೊದಲು ಅವಲಕ್ಕಿ.

"ನಿನ್ನ ಕನ್ನಡ ನಮ್ಮ ರುಚಿತಾನ ಕನ್ನಡದಂಗ ಅದ ನೋಡು, ಅರ್ಧ ಕುದ್ದಿದ್ದು," ಎಂದು ನಗೆಯಾಡಿದ್ದೂ ಆಯಿತು. ವಿಭಾಳೂ ನಕ್ಕಳು. ಅವಳಿಗೆ ಅದು ಹೊಸ ಮಾತೇನಲ್ಲ.

ಪ್ರೇಮಾಳ ಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಹೊಸ್ತಿಲ ಒಳಗೆ ಮರಾಠಿ ಬಂದ್. ಗಂಡ ನರಹರಿ ಬ್ಯಾಂಕಿನವನು. ವಿಜಯಪುರ ಬಿಟ್ಟು ನಾಶಿಕಕ್ಕೆ ಬಂದಾಗ ರುಚಿತಾ ಇನ್ನೂ ಕಂಕುಳಲ್ಲಿದ್ದಳು. ಅಲ್ಲೇ ಬೆಳೆದು ಮರಾಠಿಯಲ್ಲೇ ಕನಸು ಕಾಣುವಂತಾದಳು. ಒಮ್ಮೆ ಊರಲ್ಲಿ ಮದುವೆಮನೆಯ ಅಂಗಳದಲ್ಲಿ ನಿಂತು "ಅಜ್ಜಾ ಬಂತು, ಅಜ್ಜಾ ಬಂತು" ಎಂದು ಆ ಮಗು ಕೂಗಿದಾಗ, ಇಡೀ ಬಳಗ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಪ್ರೇಮಾಳ ಮೋರೆ ಕೆಂಪಾಗಿತ್ತು. ವಾಪಸು ಬಂದವಳೇ ಕಾನೂನು ಮಾಡಿದಳು. ಮನೆಯೊಳಗೆ ಕನ್ನಡ, ಬರದಿದ್ದರೆ ಬಾಯಿ ಮುಚ್ಚಿಕೊಂಡು ಇರು. ತಮಾಷೆಗೇ ಅಂದಿದ್ದಳು, ಖರೆ. ಆದರೆ ಕಾನೂನು ಕಾನೂನೇ.

ಹಾಗಂತ ಪ್ರೇಮಾಳ ಮರಾಠಿ ಏನು ಅಷ್ಟು ಚೆಂದವಿರಲಿಲ್ಲ. ಮರಾಠಿಯವರಿಗೆ ಚಮಚ ಗಂಡು, ತಟ್ಟೆ ಹೆಣ್ಣು. ಜೀವವಿಲ್ಲದ ವಸ್ತುವಿಗೂ ಗಂಡು ಹೆಣ್ಣು ಹಚ್ಚುವವರ ಮಾತು ಅವಳ ನಾಲಿಗೆಗೆ ಕೊನೆಗೂ ಒಗ್ಗಲಿಲ್ಲ. ನಾಶಿಕದ ಸಂತೆಯಲ್ಲಿ ಅವಳು ಬಾಯಿ ತೆರೆದರೆ ಸಾಕು, ಸೆರಗು ಹಿಡಿದ ರುಚಿತಾ "ಚಾಂಗಲಾ ಅಲ್ಲಮ್ಮಾ, ಚಾಂಗಲೀ ಭಾಜೀ, ಭಾಜೀ ಹೆಣ್ಣು" ಎಂದು ತಿದ್ದಿ ಕುಣಿಯುತ್ತಿದ್ದಳು. ಹೋದ ವರ್ಷ ಸಂಭಾಜಿನಗರಕ್ಕೆ ವರ್ಗವಾದ ಮೇಲೆ ಆ ತಿದ್ದುವ ಚಟ ಹೇಗೆ ನಿಂತುಹೋಯಿತೋ ಪ್ರೇಮಾಳ ಗಮನಕ್ಕೇ ಬಂದಿರಲಿಲ್ಲ.

"ಮನ್ಯಾಗ ಏನು ಮಾತಾಡ್ತಾಳ್ರಿ, ಕಾಕೂ?" ವಿಭಾ ಕೇಳಿದಳು.

"ಏನು ಮಾತಾಡ್ತಾಳ! ಹಸಿವಿಲ್ಲ ಅಂತಾಳ. ತಲಿ ನೋಯ್ತದ ಅಂತಾಳ. ಇಲ್ಲಾಂದ್ರ ಅದ ಒಂದು, ಬೇಜಾರ, ಬೇಜಾರ. ಮುಂಜಾನೆ ಬೇಜಾರ, ಸಂಜೀಕ ಬೇಜಾರ. ನಾನೂ ಹೇಳ್ತೀನಿ, ಬೇಜಾರ ಆದ್ರ ಟಿವಿ ನೋಡು, ಟೆರೇಸಿಗೆ ಹೋಗಿ ಎರಡು ಸುತ್ತು ಹಾಕಿ ಬಾ ಅಂತ. ನಾಶಿಕದ ಗೆಳತಿ ಹರ್ಷಿಣಿ ಜೋಡಿ ಮೊದಲು ತಾಸುಗಟ್ಟಲೆ ಫೋನು ಇತ್ತು. ಈಗ ಅದೂ ಇಲ್ಲ."

ವಿಭಾಳ ಪೆನ್ನು ನಿಂತಿತು.

"ಕಾಕೂ, ಅದು ಕನ್ನಡದ ಬೇಜಾರೋ, ಮರಾಠಿ ಬೇಜಾರೋ?"

"ಎರಡೂ ಒಂದ ಅಲ್ಲೇನು?"

"ಒಂದಲ್ರಿ," ಎಂದಳು ವಿಭಾ. ಮುಂದಿನ ಮಾತಿಗೆ ಅವಳು ಕನ್ನಡದಲ್ಲಿ ತಡಕಾಡಿದಳು. "ಹೊತ್ತು ಹೋಗದಿದ್ರ ಮರಾಠಿಯವರು ಕಂಟಾಳಾ ಅಂತಾರ. ಬೇಜಾರ ಅಂದ್ರ ಹಂಗಲ್ಲ. ಅದು ಸೋತು ಸುಣ್ಣ ಆಗೂದು. ಇನ್ನ ನನ್ನ ಕಡೆ ಆಗೂದಿಲ್ಲ ಅನ್ನೂದು. ಜೀವ ಬೇಜಾರ ಝಾಲಾಯ ಅಂತಾರಲ್ಲ, ಅದು."

ಪ್ರೇಮಾ ನಕ್ಕು ತಳ್ಳಿಹಾಕಬೇಕೆಂದುಕೊಂಡಳು. ನಗು ಬರಲಿಲ್ಲ. ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ "ಅಮ್ಮಾ, ನನಗೆ ಭಾಳ ಬೇಜಾರ ಆಗೇದ" ಎಂದದ್ದು, ತಾನು ರೊಟ್ಟಿ ಬಡಿಯುತ್ತ ತಿರುಗಿಯೂ ನೋಡದೆ "ಪುಸ್ತಕ ಓದು" ಎಂದದ್ದು ನೆನಪಾಯಿತು. ಆಮೇಲೆ ಇನ್ನೊಂದು. ಬಿಸಿಲಿಗೆ ಇಲ್ಲಿನ ಹುಡುಗಿಯರೆಲ್ಲ ಸ್ಕೂಟಿ ಮೇಲೆ ಹಾಕಿಕೊಳ್ಳುವ ಉದ್ದ ತೋಳಿನ ಸನ್‌ಕೋಟು. ರುಚಿತಾ ಅದನ್ನು ಮನೆಯೊಳಗೂ ತೆಗೆಯುತ್ತಿರಲಿಲ್ಲ. ಬಣ್ಣ ಕಪ್ಪಾದೀತು ಅಂತ ಹೆದರ್ತಾಳ ಹುಚ್ಚಿ, ಎಂದು ಪ್ರೇಮಾ ಅಕ್ಕಪಕ್ಕದವರ ಮುಂದೆ ಹೇಳಿ ನಕ್ಕಿದ್ದಳು.

"ಆಕಿ ನಿಮ್ಮ ಕಾಗದದಾಗ ಏನು ಬರದಾಳ? ಹೇಳವಾ."

"ಅದರಾಗ ಹೆಸರಿಲ್ಲ ಕಾಕೂ. ಯಾರದು ಯಾವುದು ಅಂತ ನನಗೂ ಗೊತ್ತಿಲ್ಲ. ಆಕಿ ಕನ್ನಡದ ಬೇಜಾರ ಅಂತಿರಬಹುದು. ಅದೂ ಗೊತ್ತಿಲ್ಲ. ಆಕೀನ್ನ ಕೇಳಬೇಕು."

"ಏನಂತ ಕೇಳ್ಲಿ?"

"ಸೀದಾ ಕೇಳ್ರಿ. ಬದುಕೂದು ಬ್ಯಾಡ ಅನಿಸ್ತದೇನು ಅಂತ."

"ಅಯ್ಯ, ಬಿಡ್ತು ಅನ್ನು!" ಪ್ರೇಮಾ ಎದ್ದುನಿಂತಳು. "ಇಲ್ಲದ್ದನ್ನ ನಾನ ಆಕಿ ತಲ್ಯಾಗ ತುಂಬಿದಂಗ ಆಗೂದಿಲ್ಲೇನು?"

"ಕೇಳಿದ್ರ ಹುಟ್ಟೂದಿಲ್ರಿ ಅದು. ಇದ್ರ ಹೊರಗ ಬರ್ತದ. ಇದರ ಮ್ಯಾಲೆ ಅಭ್ಯಾಸ ಮಾಡಿದವರೆಲ್ಲ ಇದನ್ನ ಹೇಳ್ತಾರ." ವಿಭಾ ತಾನೂ ಎದ್ದು ಅವಳ ಕೈ ಹಿಡಿದಳು. "ಬೈಬ್ಯಾಡ್ರಿ. ಆಣೆ ಹಾಕಿಸಬ್ಯಾಡ್ರಿ. ಗಾಯ ಅದಾವೇನು ಅಂತ ತೋಳು ಎತ್ತಿ ನೋಡಲಿಕ್ಕೆ ಹೋಗಬ್ಯಾಡ್ರಿ. ಕೇಳಿ ಸುಮ್ಮನ ಕೂಡ್ರಿ. ಹೌದು ಅಂದ್ರ ಆಕೀನ್ನ ಒಬ್ಬಾಕಿನ್ನ ಬಿಟ್ಟು ಎಲ್ಲೂ ಹೋಗಬ್ಯಾಡ್ರಿ, ನನಗ ಫೋನ್ ಮಾಡ್ರಿ. ನಮ್ಮ ಡಾಕ್ಟರು ಇವತ್ತ ನೋಡ್ತಾರ. ಬೇಕಂದ್ರ ನಾ ಇಲ್ಲೇ ಇರ್ತೀನಿ."

ಪ್ರೇಮಾ ಬೇಡವೆಂದಳು. ಇದು ತನ್ನ ಕೆಲಸ ಎಂದು ಅವಳಿಗೆ ಅನಿಸಿತು, ಹೆದರಿಕೆಯೂ ಆಯಿತು.

ವಿಭಾ ಹೋದ ಮೇಲೆ, ಬ್ಯಾಂಕಿನ ಕೆಲಸಕ್ಕೆ ಹತ್ತಿರದ ಸಿಲ್ಲೋಡದ ಶಾಖೆಗೆ ಹೋಗಿದ್ದ ನರಹರಿಗೆ ಫೋನು ಹಚ್ಚಿ, ರುಚಿತಾ ಯಾಕೆ ಇಷ್ಟು ಮಂಕಾಗಿದ್ದಾಳೆ ಎಂದು ಕೇಳಿದಳು. "ಬಾರಾವಿ ಪರೀಕ್ಷಾದ ಟೆನ್ಷನ್ ಇರಬೇಕು ಬಿಡ, ಹನ್ನೆರಡನೇತ್ತ ಅಂದ್ರ ಸುಮ್ಮನ ಏನು," ಎಂದನು ಅವನು. ಸ್ವಲ್ಪ ತಡೆದು ತಾನೇ, "ಎದರ ಸಲುವಾಗಿ ಕೇಳಿದಿ? ಇರು, ಸಿಕ್ಕ ಬಸ್ಸಿಗೆ ಬರ್ತೀನಿ," ಎಂದನು. ಅಂದು ನಳದಲ್ಲಿ ನೀರು ಬರುವ ದಿನ. ಡ್ರಮ್ಮು ತುಂಬಿ ಹರಿದು ಬಚ್ಚಲೆಲ್ಲ ನೀರಾದರೂ ಪ್ರೇಮಾ ಬಾಗಿಲ ಕಡೆಗೇ ನೋಡುತ್ತ ಕುಳಿತಿದ್ದಳು. ಅಷ್ಟು ನೀರು ಪೋಲಾದದ್ದು ಆ ಮನೆಯಲ್ಲಿ ಅದೇ ಮೊದಲು.

ರುಚಿತಾ ಬಂದಳು. ಮುಖಕ್ಕೆ ಸುತ್ತಿದ ಸ್ಟೋಲು ಬಿಚ್ಚಿದಳು, ಚಪ್ಪಲಿ ಬಿಟ್ಟಳು, ಕೋಟು ಹಾಗೇ ಇತ್ತು. ತನ್ನ ಖೋಲಿಯ ಕಡೆ ಹೊರಟವಳನ್ನು ಪ್ರೇಮಾ ತಡೆದಳು.

"ಬಾ, ಇಲ್ಲಿ ಕೂಡು."

"ಏನಮ್ಮಾ?"

"ನಿನಗ... ಬೇಜಾರ ಆಗ್ತದ ಅಂತಿ ನೋಡು..."

"ಏನಿಲ್ಲ. ಟಿವಿ ನೋಡ್ತೀನಿ."

ಆ ಮಾತು ಪ್ರೇಮಾಳದೇ. ತಾನು ಹೇಳಿಕೊಟ್ಟ ಹಾಗೇ ಮರಳಿ ಬಂದಿತ್ತು. ಈ ಹುಡುಗಿಗೆ ತಾನು ಕಲಿಸಿದ ಕನ್ನಡವೆಷ್ಟು? ಊಟ, ಸ್ನಾನ, ನಿದ್ದೆ, ಬೇಕು, ಬೇಡ. ಹೊಟ್ಟೆಯೊಳಗಿನ ಸಂಕಟ ಹೇಳಿಕೊಳ್ಳಲು ಅದರಲ್ಲಿ ಒಂದಾದರೂ ಶಬ್ದ ಇತ್ತೇ? ಇದ್ದ ಒಂದನ್ನೇ ಅವಳು ದಿನಾ ಹಿಡಿದುಕೊಂಡು ಬಂದು ಕೊಟ್ಟಳು, ತಾನು ದಿನಾ ಬೇರೇನೋ ಎಂದು ತಿಳಿದು ಪಕ್ಕಕ್ಕಿಟ್ಟಳು.

"ಬಾಳ," ಎಂದಳು, ಮರಾಠಿ ತಾಯಂದಿರು ಮಗುವನ್ನು ಕರೆಯುವ ಹಾಗೆ. ಆಮೇಲೆ, ಸಂತೆಯಲ್ಲಿ ಟೊಮೇಟೊ ಬದನೆಕಾಯಿ ಕೊಳ್ಳುತ್ತಿದ್ದ ತನ್ನ ಆ ಮುರುಕು ಮರಾಠಿಯಲ್ಲಿ, ಹೊಸ್ತಿಲ ಒಳಗೆ ಕೂತು, ಒಂದೊಂದೇ ಶಬ್ದ ಹುಡುಕಿ ಕೇಳಿದಳು. "ತುಲಾ... ಜಗಾಯ್ಲಾ ನಕೋ ವಾಟತಂ ಕಾ?" ಬದುಕೂದು ಬ್ಯಾಡ ಅನಿಸ್ತದೇನು ನಿನಗ?

ರುಚಿತಾ ತಾಯಿಯನ್ನು ನೋಡಿದಳು. ಕೇಳಿದ ಪ್ರಶ್ನೆಗಿಂತ, ಕೇಳಿದ ಭಾಷೆಗೇ ಅವಳು ಮೊದಲು ಬೆಚ್ಚಿದಂತಿತ್ತು. ಕೋಟಿನ ತೋಳಿನ ಅಂಚನ್ನು ಅಂಗೈಯವರೆಗೆ ಎಳೆದುಕೊಂಡಳು.

"ಕಧೀ ಕಧೀ," ಎಂದಳು. ಒಮ್ಮೊಮ್ಮೆ.

ಪ್ರೇಮಾ ಅವಳ ತೋಳಿಗೆ ಕೈ ಹಾಕಲಿಲ್ಲ. ಬೈಯಲಿಲ್ಲ. ವಿಭಾ ಹೇಳಿದಂತೆ ಸುಮ್ಮನೆ ಕುಳಿತಳು. ಆಗ ಮಾತು ಬಂತು. ಮೊದಲು ತಡೆತಡೆದು, ಆಮೇಲೆ ಕಟ್ಟೆಯೊಡೆದು, ಮರಾಠಿಯಲ್ಲಿ. ಹೊಸ ಕಾಲೇಜಿನ ಹುಡುಗಿಯರು, ಪಕ್ಕದಲ್ಲಿ ಯಾರೂ ಕೂರದ ಬೆಂಚು, ಹರ್ಷಿಣಿಗೆ ಫೋನಿನಲ್ಲಿ ಏನು ಹೇಳಬೇಕೋ ತಿಳಿಯದೆ ಹೋದದ್ದು, ಮುಂಜಾನೆ ಎಚ್ಚರವಾದರೆ ಯಾಕಾದರೂ ಆಯಿತೋ ಅನಿಸುವುದು, ಕೋಟು ಯಾಕೆ ಅನ್ನುವುದು. ಅರ್ಧದಷ್ಟು ಪ್ರೇಮಾಳಿಗೆ ಪದಪದವಾಗಿ ತಿಳಿಯಲಿಲ್ಲ. ಅವಳ ಸಂಕಟ ಮಾತ್ರ ಪೂರಾ ತಿಳಿಯಿತು.

"ಮಾಝಾ ಚೂಕ," ಎಂದಳು ಪ್ರೇಮಾ, ಅಳು ನುಂಗಿಕೊಂಡು. ನನ್ನ ತಪ್ಪು. "ಮಾಝಾ ಚೂಕ ಝಾಲಾ, ಬಾಳ."

ರುಚಿತಾ ಮೂಗು ಒರೆಸಿಕೊಂಡು ಮೆಲ್ಲಗೆ, "ಮಾಝೀ," ಎಂದಳು.

ಪ್ರೇಮಾಳ ಜೀವ ಹಾರಿಹೋಯಿತು. ಮಗಳ ಎರಡೂ ಕೆನ್ನೆ ಹಿಡಿದುಕೊಂಡಳು. "ನಿಂದಲ್ಲ! ನಿಂದ್ಯಾಕ ಆಗ್ತದ ತಪ್ಪು? ನಂದು. ನಂದು!"

"ಅಲ್ಲಮ್ಮಾ," ಎಂದಳು ರುಚಿತಾ. ಒದ್ದೆ ಮುಖದಲ್ಲಿ ತುಟಿಯ ಒಂದು ಮೂಲೆ ಏನೋ ನೆನಪಾದಂತೆ ಮೇಲಕ್ಕೆ ಹೋಯಿತು. "ಚೂಕ ಹೆಣ್ಣು ಅದ. ಮಾಝಾ ಅಲ್ಲ. ಮಾಝೀ ಚೂಕ."

ಪ್ರೇಮಾಳಿಗೆ ಆಗ ಅರ್ಥವಾಯಿತು.

"ಮಾಝೀ ಚೂಕ," ಎಂದಳು, ಬಾಲವಾಡಿಯ ಮಗುವಿನಂತೆ.

"ಹ್ಞಾಂ."

ಮಡಿಲಲ್ಲಿದ್ದ ಫೋನಿನಲ್ಲಿ ಪ್ರೇಮಾ ವಿಭಾಳ ಹೆಸರು ಹುಡುಕಿ ಒತ್ತಿದಳು. ಆ ಕಡೆ ರಿಂಗಾಗುತ್ತಿದ್ದಾಗ ರುಚಿತಾ ಎದ್ದು, ಬಾಗಿಲ ಹಿಂದಿನ ಮೊಳೆಗೆ ಸನ್‌ಕೋಟು ತೆಗೆದು ಹಾಕಿ, ಬರಿಯ ತೋಳಿನಲ್ಲಿ ಬಂದು ಅಮ್ಮನ ಪಕ್ಕದಲ್ಲಿ ಕುಳಿತಳು. ತೋಳಿನ ಕಡೆ ಕಣ್ಣು ಹಾಯಿಸದೆ ಪ್ರೇಮಾ ಅವಳ ಮುಖವನ್ನೇ ನೋಡುತ್ತಿದ್ದಳು.