ಗುಲಾಬಿಗೆ ಕಟ್ಟಿದ ಪಂಖಾ

ನನ್ನ ಮಾವ ಹುಲಗಪ್ಪ ನಿದ್ದೆಯಲ್ಲೂ ದುಡಿದವರು. ಹೊಗಳಿಕೆಗೆ ಹೇಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ. ಗೋಗಿ ದಾರಿಯ ಜಾಗೀರದಾರರ ಹವೇಲಿಯಲ್ಲಿ ಮೂವತ್ತು ವರ್ಷ ಪಂಖಾ ಎಳೆದರು. ಬೇಗಂ ಸಾಹೇಬರ ಕೋಣೆಯ ತೊಲೆಗೆ ಹಾಸಿಗೆಯಷ್ಟು ದೊಡ್ಡ ಬಟ್ಟೆಯ ಬೀಸಣಿಗೆ ತೂಗುಬಿಟ್ಟಿದ್ದರು. ಅದರ ಹಗ್ಗ ಗೋಡೆಯ ತೂತಿನಿಂದ ಹೊರಗಿನ ಪಡಸಾಲೆಗೆ ಬರುತ್ತಿತ್ತು. ಅದನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು, ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕಾಲು ಆಡಿಸುವುದು ಇವರ ಕೆಲಸ. ಜಾಗೀರು ರದ್ದಾಗಿ ಹವೇಲಿಗೆ ಬೀಗ ಬಿದ್ದ ಮೇಲೂ, ಮಲಗಿದರೆ ಸಾಕು, ಆ ಬೆರಳು ಹಿಂದೆ ಮುಂದೆ ಆಡುತ್ತಿತ್ತು.

ಹೈದರಾಬಾದಿಗೆ ಹೊರಟಾಗ ಆ ಹಬೀಬಾ ಬೇಗಂ ಸಾಹೇಬರು ಇವರಿಗೆ ಒಂದು ಆಕಳು ಕೊಟ್ಟು ಹೋದರು. ಸಿಕಂದರಾಬಾದಿನ ಲಷ್ಕರದ ಕಡೆಯಿಂದ ತಂದ ಅರ್ಧ ವಿಲಾಯತಿ ಜಾತಿ, ಹೆಸರು ಗುಲಾಬಿ. ಬಡವರ ಮನೆಗೆ ಆನೆ ಬಂತು ಎಂದು ಊರು ನಕ್ಕಿತು. ನಗಲಿ ಬಿಡಿ. ಬಾಣಂತಿ ಜ್ವರದಲ್ಲಿ ನನ್ನ ಎದೆಹಾಲು ಬತ್ತಿದಾಗ ನಾಲ್ಕು ತಿಂಗಳ ನನ್ನ ಕೂಸನ್ನು ಬದುಕಿಸಿದ್ದು ಆ ಆನೆಯೇ. ಗಂಡ ಶಹಾಬಾದಿನ ಕಲ್ಲಿನ ಗಣಿಯಲ್ಲಿದ್ದ. ಊರಿನ ಎಮ್ಮೆಗಳು ಬತ್ತಿದ್ದವು, ಆಡುಗಳು ನೀರು ಹುಡುಕಿಕೊಂಡು ಕೃಷ್ಣೆಯ ದಂಡೆಗೆ ಹೋಗಿದ್ದವು. ಗುಲಾಬಿ ಹಾಲು ಕೊಟ್ಟರೆ ಕೂಸು, ಇಲ್ಲದಿದ್ದರೆ ಇಲ್ಲ.

ಆ ವರ್ಷದ ಬೇಸಿಗೆ ಎಂಥದ್ದು ಅಂತೀರಿ. ಶಹಾಪುರದ ಗುಡ್ಡ ದೂರದಿಂದ ಅಂಗಾತ ಮಲಗಿದ ಮನುಷ್ಯನಂತೆ ಕಾಣುತ್ತದಲ್ಲ, ಮಧ್ಯಾಹ್ನವಾದರೆ ಆ ಮನುಷ್ಯ ನೆಲ ಬಿಟ್ಟು ಒಂದು ಮೊಳ ಮೇಲೆ ತೇಲುತ್ತಿದ್ದ. ಅರ್ಧ ಎಚ್ಚರ, ಅರ್ಧ ನಿದ್ದೆಯಲ್ಲಿ ನಾನು ಅದನ್ನೇ ನೋಡುತ್ತ ಕೂರುತ್ತಿದ್ದೆ. ತೊಡೆಯ ಮೇಲಿನ ಕೂಸು ನನ್ನದೋ, ಕನಸಿನದೋ ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ.

ಗುಲಾಬಿ ಬಾಯಿ ತೆರೆದು, ನಾಲಿಗೆ ಚಾಚಿ ಏದುಸಿರು ಬಿಡತೊಡಗಿತು. ಜೊಲ್ಲು ನೆಲಕ್ಕೆ ಇಳಿಯುತ್ತಿತ್ತು. ಮಲಗುತ್ತಿರಲಿಲ್ಲ, ಮೆಲುಕು ಹಾಕುತ್ತಿರಲಿಲ್ಲ. ಎರಡು ಸೇರು ಇದ್ದ ಹಾಲು ಒಂದು ಸೇರಾಯಿತು, ಆಮೇಲೆ ಅರ್ಧವಾಯಿತು.

ಮಾವನಿಗೆ ಗೊತ್ತಿದ್ದದ್ದು ಹವೇಲಿಯ ಉಪಾಯ. ಅಲ್ಲಿ ಬಿಸಿಲೇರುವ ಮೊದಲೇ ಕಿಟಕಿ ಮುಚ್ಚಿ, ಬಾಗಿಲಿಗೆ ಲಾವಂಚದ ತಟ್ಟಿ ಇಳಿಬಿಟ್ಟು ನೀರು ಹೊಡೆಯುತ್ತಿದ್ದರಂತೆ. ಲಾವಂಚ ಎಲ್ಲಿಂದ ತರೋಣ? ಗೋಣಿಚೀಲ ತೋಯಿಸಿ ಕಟ್ಟಿದರು. ಆಕಳನ್ನು ಒಳಗೆ ಹಾಕಿ ಕಿಟಕಿ ಮುಚ್ಚಿದರು. ಬಾವಿಯಿಂದ ನೀರು ಹೊತ್ತು ಹೊತ್ತು ನನ್ನ ನೆತ್ತಿ ಸವೆಯಿತು. ಇವರು ಅದನ್ನು ಗುಲಾಬಿಯ ಬೆನ್ನಿಗೆ ಸುರಿದರು, ಚೀಲಕ್ಕೆ ಸುರಿದರು, ನೆಲಕ್ಕೂ ಸುರಿದರು. ಗಾಳಿ ಆಡದ ಕೋಣೆಯಲ್ಲಿ ಆ ನೀರು ಎಲ್ಲಿ ಹೋಗಬೇಕು?

ಮೂರನೇ ಮಧ್ಯಾಹ್ನ ಕೋಣೆ ಕುದಿಯುವ ಗಡಿಗೆಯಾಗಿತ್ತು. ಗುಲಾಬಿಯ ಕಾಲುಗಳು ನಡುಗುತ್ತಿದ್ದವು, ಮೂಗು ಬಾಗಿಲ ಸಂದಿಗೆ ಅಂಟಿತ್ತು. ಕರೆದ ಹಾಲು ಕೂಸಿಗೆ ಕುಡಿಸುವ ಒಳಲೆಯ ತಳ ತೋಯುವಷ್ಟಿತ್ತು. ಕೂಸು ತನ್ನ ಮುಷ್ಟಿ ಚೀಪಿ ಅತ್ತಿತು, ಆಮೇಲೆ ಅಳುವುದನ್ನು ಬಿಟ್ಟಿತು. ಅಳುವ ಕೂಸಿಗೆ ನಾನು ಹೆದರಿದವಳಲ್ಲ. ಸುಮ್ಮನಾದಾಗ ಹೆದರಿದೆ. ಹಿರಿಯರು ಎಂಬುದನ್ನೂ ನೋಡದೆ ಮಾವನಿಗೆ ಬಾಯಿಗೆ ಬಂದದ್ದು ಅಂದು, ಮದೀನಾಬೀಯನ್ನು ಕರೆಯಲು ಓಡಿದೆ.

ಮದೀನಾಬೀ ನಮ್ಮ ಓಣಿಯವಳೇ, ಬೇಗಂ ಸಾಹೇಬರ ಕಾಲು ಒತ್ತುತ್ತ ವಯಸ್ಸು ಕಳೆದವಳು. ನನ್ನ ಜೊತೆ ಬಂದು ಆಕಳ ಕೋಣೆಯ ಬಾಗಿಲು ತೆಗೆದವಳೇ ಉಗಿಗೆ ಮುಖ ತಿರುಗಿಸಿದಳು. ಮಾವ ಹವೇಲಿಯ ಉಪಾಯವೆಲ್ಲ ಹೇಳಿದರು. ಅವಳು ಪೂರ್ತಿ ಕೇಳಿದಳು.

"ಹುಲಗಣ್ಣಾ, ನೀ ಎಂದರ ಆ ಕೋಣ್ಯಾಗ ಕಾಲಿಟ್ಟೀಯೇನು?"

ಜನಾನದ ಕೋಣೆ, ಗಂಡಸರು ಹೋಗುವಂತಿಲ್ಲ. ಮಾವ ಇಲ್ಲವೆಂದು ತಲೆಯಾಡಿಸಿದರು.

"ನಾ ಇದ್ದೆ. ಎಂದರ ಒಂದಿನ ನಿನ್ನ ಕಾಲು ನಿಂತರ ಒಳಗ ಹಿಂಗ ಆಗ್ತಿತ್ತು. ತಟ್ಟಿ ಹಸೀನ ಇರ್ತಿತ್ತು, ಬೇಗಂ ಸಾಹೇಬ್ರು ಬೆವತು ನೀರಾಗ್ತಿದ್ರು. ತಂಪು ಮಾಡಾಕತ್ತಿದ್ದು ತಟ್ಟಿ ಅಲ್ಲಪ್ಪ, ನೀನು."

ಮಾವ ತಮ್ಮ ಕಾಲನ್ನೇ ನೋಡಿಕೊಂಡು, ಆಮೇಲೆ ನನ್ನನ್ನು ಒಂದು ದೊಡ್ಡ ಬಟ್ಟೆ ಕೇಳಿದರು. ಮನೆಯಲ್ಲಿದ್ದ ದೊಡ್ಡ ಬಟ್ಟೆ ಎಂದರೆ ನನ್ನ ಕೌದಿ. ನನ್ನವ್ವ ತನ್ನ ಏಳು ಸೀರೆ ಸೇರಿಸಿ ಹೊಲಿದು ಕೊಟ್ಟದ್ದು, ಕೂಸಿಗೂ ಹಾಸದೆ ಇಟ್ಟಿದ್ದೆ. ಕೊಟ್ಟೆ. ಕೊಡಲು ಮನಸ್ಸಿರಲಿಲ್ಲ, ಸುಳ್ಳೇಕೆ ಹೇಳಲಿ.

ಗೋಣಿಚೀಲ ಕಿತ್ತೆವು. ಬಾಗಿಲು, ಎದುರಿನ ಕಿಟಕಿ, ಎರಡನ್ನೂ ತೆರೆದೆವು. ಮಾವ ಕೌದಿಯನ್ನು ಬಿದಿರಿಗೆ ಹೊಲಿದು ತೊಲೆಗೆ ತೂಗುಬಿಟ್ಟು, ಹಗ್ಗವನ್ನು ಕಿಟಕಿಯಿಂದ ಹೊರಗೆ ಹಾಕಿದರು. ಹೊರಗಿನ ಗೋಡೆಯ ಗೇಣುದ್ದ ನೆರಳಿನಲ್ಲಿ ಕೂತು ಹೆಬ್ಬೆರಳಿಗೆ ಕಟ್ಟಿಕೊಂಡರು. ಒಳಗೂ ಕೂರಬಹುದಿತ್ತು. ಅವರಿಗೆ ಅದು ಹೊಳೆಯಲೇ ಇಲ್ಲ.

ನಾನು ಗುಲಾಬಿಯ ಮೈಗೆ ಒಂದು ಕೊಡ ನೀರು ಹಾಕುತ್ತಿದ್ದೆ, ಗಾಳಿ ಅದನ್ನು ಒಣಗಿಸುತ್ತಿತ್ತು, ಮತ್ತೆ ಹಾಕುತ್ತಿದ್ದೆ. ಅವ್ವನ ಸೀರೆಗಳು ಆಕಳ ಮೇಲೆ ಹೋಗುತ್ತಿದ್ದವು, ಬರುತ್ತಿದ್ದವು. ಹಸಿರು ಅಂಚಿನದು ಅವಳು ಹತ್ತಿ ಬಿಡಿಸಲು ಉಡುತ್ತಿದ್ದದ್ದು, ಕೆಂಪಿನದು ನನ್ನ ಮದುವೆಯ ದಿನ ಉಟ್ಟದ್ದು. ನೋಡುತ್ತ ನೋಡುತ್ತ ಕಣ್ಣು ಎಳೆಯಿತು. ಅವ್ವ ಬಂದು ಸೆರಗಿನಿಂದ ಮುಖಕ್ಕೆ ಗಾಳಿ ಹಾಕುತ್ತಿದ್ದಳು. ಬೆಲ್ಲದ ವಾಸನೆ ಬರುತ್ತಿತ್ತು. ಅವಳ ಹಿಂದೆ ಗುಡ್ಡದ ಆ ಮನುಷ್ಯ ನಿಧಾನವಾಗಿ ನೆಲಕ್ಕೆ ಇಳಿಯುತ್ತಿದ್ದ.

ಎಚ್ಚರವಾದದ್ದು ಒಂದು ಸದ್ದಿಗೆ. ಗುಲಾಬಿ ಮಲಗಿ ಮೆಲುಕು ಹಾಕುತ್ತಿತ್ತು.

ಅಂದಿನಿಂದ ಮೇವು ನಸುಕಿಗೆ ಮತ್ತು ಸಂಜೆಗೆ, ಬಿಸಿಲು ಏರಿದಾಗಿನಿಂದ ಇಳಿಯುವವರೆಗೆ ಪಂಖಾ. ನಾಲ್ಕನೇ ದಿನ ಹಾಲು ಸೇರಿಗೆ ಏರಿತು. ಕೂಸು ಒಳಲೆ ಬರಿದು ಮಾಡಿ, ಇನ್ನೂ ಬೇಕೆಂದು ಊರು ಕೇಳುವಂತೆ ಅತ್ತಿತು. ನನಗೆ ಆ ಅಳುವಿಗಿಂತ ಇಂಪಾದದ್ದು ಆಗ ಯಾವುದೂ ಇರಲಿಲ್ಲ.

ಸಂತೋಷಕ್ಕೆ ಹೇಳೋಣವೆಂದು ಹೊರಗೆ ಹೋದೆ. ನೆರಳು ಸರಿದು ಹೋಗಿತ್ತು, ಮಾವ ಸರಿದಿರಲಿಲ್ಲ. ಬಿಸಿಲಿಗೆ ತುಟಿ ಒಡೆದಿತ್ತು, ಹೆಬ್ಬೆರಳು ಊದಿತ್ತು, ಕಣ್ಣು ಮುಚ್ಚಿತ್ತು, ಕಾಲು ಮಾತ್ರ ಆಡುತ್ತಿತ್ತು. ನಾನು ಈ ಮನುಷ್ಯನನ್ನು ಬೈದಿದ್ದೆ. ಕೂತು ಹಗ್ಗ ಬಿಚ್ಚಿದೆ.

"ಮಾವ, ಏಳ್ರಿ. ಒಳಗ ಹೋಗಿ ಕುಂದರ್ರಿ. ನಾ ಎಳೀತೇನಿ."

ಸೊಸೆ ಎಳೆಯುವುದು, ತಾವು ಕೂರುವುದು, ಅದೆಲ್ಲ ಆಗದ ಮಾತು ಎಂದರು. ನಾನು ಮತ್ತೆ ಜೋರು ಮಾಡಿದೆ. ಹೋದರು.

ಬಹಳ ಹೊತ್ತಾದ ಮೇಲೆ, ನಿದ್ದೆ ಬಂತೇನೋ ಎಂದು ಹಗ್ಗ ಎಳೆಯುತ್ತಲೇ ಕಿಟಕಿಯಲ್ಲಿ ಇಣುಕಿದೆ. ಗುಲಾಬಿಯ ಪಕ್ಕ ಕೂತು ಮುಖ ಮೇಲೆ ಮಾಡಿದ್ದರು. ಕೌದಿ ಬಂದಾಗಲೆಲ್ಲ ನರೆತ ಕೂದಲು ಏಳುತ್ತಿತ್ತು. ಕಣ್ಣಲ್ಲಿ ನೀರು.

"ಶೇಖವ್ವಾ," ಎಂದರು, "ಮೂವತ್ತು ವರ್ಷ ನಾ ಕೊಟ್ಟಿದ್ದು ಇದೇನು?"

"ಹೌದ್ರಿ ಮಾವ," ಎಂದೆ.