ಚನಾರ್‌ಳ ಸಾವಿಗಿಟ್ಟ ಹೆಸರು

ಚನಾರ್ ತನ್ನ ಪ್ರಾಣ ತಾನೇ ಕಳೆದುಕೊಂಡ ದಿನ, ರಾನ್ಯಾ ಪಟ್ಟಣದ ಆ ಓಣಿಗೆ ಸುದ್ದಿ ಮುಟ್ಟುವ ಮೊದಲೇ ಅವಳ ದೊಡ್ಡಪ್ಪ ರಸೂಲ್ ಬಂದು ಬಾಗಿಲು ಹಾಕಿದ. ಹೆತ್ತವಳು ಗೆಲಾವೇಜ್ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಯಾರು ಕೇಳಿದ್ರೂ ಹೃದಯ ನಿಂತ್ಹೋಯ್ತು ಅನ್ನು," ಎಂದ ಅವನು. "ಮನೆ ಮಾನ ನಿನ್ನ ನಾಲಿಗೆ ಮೇಲಿದೆ."

ಹಿಂದಿನ ಚಳಿಗಾಲದಲ್ಲೂ ಅವನದು ಇದೇ ಮಾನದ ಮಾತು. ಚನಾರ್ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗತೊಡಗಿದಾಗ, ದೊಡ್ಡ ಊರು ಸುಲೈಮಾನಿಯಾದಲ್ಲಿ ಡಾಕ್ಟರಿಗೆ ತೋರಿಸೋಣವೆಂದು ಗೆಲಾವೇಜ್ ಅಂಗಲಾಚಿದ್ದಳು. ಹುಚ್ಚಿಯೆಂದು ಹೆಸರು ಬಿದ್ದರೆ ಮನೆತನವೇ ಮುಳುಗುತ್ತದೆಂದು ಅವನು ತಾಯಿತ ಕಟ್ಟಿಸಿದ್ದ. ಗೆಲಾವೇಜ್‌ಳ ಗಂಡ ತೀರಿದ ಮೇಲೆ ರಸೂಲ್ ಹೇಳಿದ್ದೇ ಮನೆಯಲ್ಲಿ ನಡೆಯುತ್ತಿತ್ತು.

ಊರು ಹೃದಯದ ಕತೆಯನ್ನು ನಂಬಲಿಲ್ಲ. ಶವ ತೊಳೆಯುವ ಮುದುಕಿ ಸೊಂಟನೋವೆಂದು ಹೊಸ್ತಿಲಿಂದಲೇ ತಿರುಗಿದಳು. ಮುಲ್ಲಾ ಶವದ ಮುಂದಿನ ಜನಾಜಾ ನಮಾಜಿಗೆ ತಾನು ಬಾರದೆ ಇನ್ಯಾರನ್ನೋ ಕಳಿಸಿದ. ಮಗಳ ಮೈಯನ್ನು ಗೆಲಾವೇಜ್ ತಾನೇ ತೊಳೆದಳು, ಕೂಸಿಗೆ ಎರೆಯುವಾಗಿನಂತೆ ಕಿವಿಗೆ ಅಂಗೈ ಅಡ್ಡ ಹಿಡಿದು.

ದುಃಖ ಕೇಳಲು ಬಂದ ಹೆಂಗಸರು ಸತ್ತವಳಿಗಾಗಿ ಫಾತಿಹಾ ಓದಿ, ಕಹಿ ಕಾಫಿ ಕುಡಿದು, ಯಾವನೋ ಇದ್ದಿರಬೇಕೆಂದು ಪಿಸುಗುಟ್ಟಿದರು. ಅಂಥವಳಿಗೆ ಸ್ವರ್ಗದ ಗಾಳಿಯೂ ಸೋಕದು ಎಂದಳು ಒಬ್ಬಳು, ಗೆಲಾವೇಜ್‌ಗೆ ಕೇಳುವ ಹಾಗೆ.

ಎಲ್ಲರೂ ಹೋದ ಮೇಲೆ ಎದುರುಮನೆಯ ಫಹೀಮೆ ಲೋಟ ತೊಳೆಯಲು ಉಳಿದಳು. ಅವಳ ಮಗಳು ಬೇರಿವಾನ್ ಹಿಂದೆ ಜ್ವರದಲ್ಲಿ ತೀರಿಹೋಗಿದ್ದಳು. ಓಣಿಯವರಿಗೆ ತಿಳಿದದ್ದು ಅಷ್ಟೇ.

"ಅಕ್ಕಾ, ಹೃದಯ ನಿಂತಿದ್ದಲ್ಲ," ಅಂದಳು ಗೆಲಾವೇಜ್. "ಬದುಕೋಕಾಗ್ತಿಲ್ಲ ಅಂತಿದ್ಲು. ನಮಾಜು ಮಾಡು, ಸರಿಹೋಗುತ್ತೆ ಅಂದ್ಬಿಟ್ಟೆ."

ಫಹೀಮೆಯ ಕೈ ನೀರಿನಲ್ಲೇ ನಿಂತಿತು. "ನಮ್ಮ ಬೇರಿವಾನ್‌ಗೂ ಜ್ವರ ಇರ್ಲಿಲ್ಲ ಕಣೇ."

ಇಬ್ಬರೂ ತಬ್ಬಿಕೊಂಡು ಅತ್ತರು. ನಾಳೆ ಎಲ್ಲರೆದುರು ಹೇಳಿಬಿಡೋಣ, ಇನ್ಯಾರ ಮನೆಯಲ್ಲಿ ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದ್ದಾಳೋ ಎಂದು ಗೆಲಾವೇಜ್ ಅಂದಾಗ ಫಹೀಮೆ ತಲೆವಸ್ತ್ರದ ತುದಿಯಲ್ಲಿ ಕಣ್ಣೊರೆಸಿಕೊಂಡು ದೂರ ಸರಿದಳು. "ನಾನೇನೂ ಹೇಳ್ಲಿಲ್ಲ, ನೀನೇನೂ ಕೇಳ್ಲಿಲ್ಲ."

ಮರುದಿನ ಹೆಂಗಸರು ಮತ್ತೆ ದುಃಖ ಕೇಳಲು ಕೂಡಿದಾಗ ಗೆಲಾವೇಜ್ ಒಬ್ಬಳೇ ಹೇಳಿದಳು. ಮಗಳಿಗೆ ಕಾಯಿಲೆಯಿತ್ತು, ಜನರ ಬಾಯಿಗೆ ಹೆದರಿ ಸುಲೈಮಾನಿಯಾದ ಡಾಕ್ಟರಿಗೆ ತೋರಿಸಲಿಲ್ಲ, ಅವಳ ಜೀವ ಅವಳೇ ತೆಗೆದುಕೊಂಡಳು ಎಂದಳು. ಮೊದಲು ಎದ್ದವಳು ಫಹೀಮೆ. ಅವಳ ಹಿಂದೆ ಉಳಿದವರೂ ಚಪ್ಪಲಿ ಹುಡುಕಿಕೊಂಡು ಹೊರಟರು.

ಅಷ್ಟಾಗಿ ಪರಿಚಯವಿಲ್ಲದ, ಓಣಿಯ ಯಾರದೋ ಮನೆಯ ಹೊಸ ಸೊಸೆಯೊಬ್ಬಳು ಮಾತ್ರ ಮೂಲೆಯಲ್ಲಿ ಕೂತೇ ಇದ್ದಳು.

"ಚಿಕ್ಕಮ್ಮಾ, ಆ ಡಾಕ್ಟರು ಎಲ್ಲಿದ್ದಾರೆ?" ಎಂದು ಮೆಲ್ಲಗೆ ಕೇಳಿದಳು.

ಗೆಲಾವೇಜ್‌ಗೆ ಗೊತ್ತಿರಲಿಲ್ಲ. ಅದನ್ನು ವಿಚಾರಿಸುವಷ್ಟಕ್ಕೂ ಅವಳನ್ನು ಯಾರೂ ಬಿಟ್ಟಿರಲಿಲ್ಲ.