ಯಜಮಾನನ ಹೊಲಕ್ಕಿಂತ ಮೊದಲು ಬಿತ್ತಿದ ಬಟಾಣಿ

"ಊರ ಯಜಮಾನರ ಹೊಲಕ್ಕೆ ಇನ್ನೂ ನೇಗಿಲು ಬಿದ್ದಿಲ್ಲ, ನೀನಾಗ್ಲೇ ಬೀಜ ಹಾಕಿದೀಯ. ಊರಿಗೇ ದೊಡ್ಡೋಳೇನೇ ನೀನು?"

ಮಾಖೊತ್ಸೊಳ ಕೂಗಿಗೆ ಅಂಗಳದ ಕೋಳಿಗಳು ದಿಕ್ಕಾಪಾಲಾದವು. ಕೈತೋಟದ ಮೇಲೆ ಬಗ್ಗಿದ್ದ ಸೊಸೆ ಮಾದಿನೆಯೊ ನೆಟ್ಟಗೆ ನಿಂತಳು. ಸೊಂಟದೆತ್ತರಕ್ಕೆ ದುಂಡಗೆ ಕಲ್ಲು ಪೇರಿಸಿ, ಒಳಗೆ ಬೂದಿ, ಸಗಣಿ, ಮಣ್ಣು ತುಂಬಿದ ತೋಟ ಅದು. ಅವಳು ಬಿತ್ತಿದ್ದ ಬಟಾಣಿ ಆಗಲೇ ಮೊಳೆತಿತ್ತು.

"ಅತ್ತೆ, ಆ ಮಾತು ಹೊಲದ ಜೋಳಕ್ಕೆ. ಇದು ಮನೆ ಸೊಪ್ಪು."

"ಬೀಜ ಅಂದ್ರೆ ಬೀಜ."

ಆಗಸ್ಟ್ ತಿಂಗಳು, ಆ ನಾಡಿನಲ್ಲಿ ಚಳಿಗಾಲ ಮುಗಿಯುವ ಹೊತ್ತು. ಪೀಚ್ ಮರಗಳು ಹೂ ಬಿಟ್ಟಿದ್ದವು, ಬೆಟ್ಟದ ತಲೆಯ ಹಿಮ ಮಾತ್ರ ಇನ್ನೂ ಕರಗಿರಲಿಲ್ಲ. ಮೊದಲ ಮಳೆ ಬಿದ್ದಾಗ ಊರೆಲ್ಲ ಸೇರಿ ಊರ ಯಜಮಾನನ ಹೊಲ ಉಳಬೇಕು, ಆಮೇಲೆ ಅವರವರ ಹೊಲ. ಇದು ಆಫ್ರಿಕಾದ ಲೆಸೊಥೊ ದೇಶದ ಆ ಬೆಟ್ಟದೂರಿನ ಕಟ್ಟಳೆ. ಮಾಖೊತ್ಸೊ ಈ ಕಟ್ಟಳೆಯನ್ನು ಹಿಗ್ಗಿಸಿ ಪಾಲಕ್ಕಿಗೂ ಕೋಸಿಗೂ ತೊಡಿಸಿದ್ದಳು. ಅಲ್ಲಿ ಮಳೆಗಾಲವೇ ಬೇಸಿಗೆ. ಆಗ ಅವಳು ಬಿತ್ತಿದ ಪಾಲಕ್ ಬಿಸಿಲಿಗೆ ಎಲೆ ಬಿಡುವ ಮೊದಲೇ ಹೂವಿಗೆ ಏರುತ್ತಿತ್ತು, ಕೋಸಿಗೆ ಗಿಡಹೇನು ಮುತ್ತುತ್ತಿತ್ತು. ಅವಳು ಅದಕ್ಕೆ ಹಣೆಬರಹ ಎಂದು ಹೆಸರಿಟ್ಟಿದ್ದಳು. ತಪ್ಪು ಕಾಲಕ್ಕೆ ಬಿತ್ತಿ ಹಣೆಯನ್ನು ಬೈದರೆ ಹಣೆ ಏನು ಮಾಡೀತು?

ಸೊಸೆ ಸುಮ್ಮನೆ ಬಿತ್ತಿರಲಿಲ್ಲ. ಆಸ್ಪತ್ರೆಯ ನರ್ಸು ಅವಳ ಪುಟ್ಟ ಮಗಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆ ಇದೆ ಎಂದು ಔಷಧಿ ಕೊಟ್ಟಿದ್ದಳು. ಬರೀ ಪಾಪಾ ಎಂಬ ಜೋಳದ ಮುದ್ದೆಯಿಂದ ಹೊಟ್ಟೆ ತುಂಬೀತೇ ಹೊರತು ಮೈಗೆ ರಕ್ತ ಹತ್ತುವುದಿಲ್ಲ, ಔಷಧಿಯ ಜೊತೆ ದಿನವೂ ಸೊಪ್ಪು, ಕಾಳು ಕೊಡು ಎಂದಿದ್ದಳು. ಇದನ್ನೆಲ್ಲ ಸೊಸೆ ಬಿಡಿಸಿ ಹೇಳಿದಳು.

"ನನ್ನ ಮಗ ಮುದ್ದೆ ತಿಂದೇ ಬೆಳ್ದು ಗಣಿ ಅಗೀತಿದಾನೆ. ನಿನ್ ಮಗಳೇನು ಮಹಾರಾಣಿನಾ?" ಎಂದಳು ಮಾಖೊತ್ಸೊ. ಅಷ್ಟಕ್ಕೇ ನಿಲ್ಲಲಿಲ್ಲ. ಮಣ್ಣಿಗೆ ಕೈ ಹಾಕಿ, ಬಿಳಿ ಬೇರು ಬಿಟ್ಟಿದ್ದ ಮೊಳಕೆಗಳನ್ನು ಕೆದರಿ ಕೋಳಿಗಳಿಗೆ ಎಸೆದಳು.

ಮಾದಿನೆಯೊ ಅಳಲಿಲ್ಲ. ಮಗುವನ್ನು ಕಂಬಳಿಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಗುಡ್ಡ ದಾಟಿ ತವರಿಗೆ ಹೋದಳು. ಮನಸ್ಸು ಮುರಿದ ಹೆಣ್ಣು ಹಾಗೆ ಹೋದರೆ ಗಂಡನ ಕಡೆಯವರು ಹೋಗಿ, ತಪ್ಪೊಪ್ಪಿ ಕರೆತರಬೇಕು. ಮಾಖೊತ್ಸೊ ಹೋಗಲಿಲ್ಲ. ತಾನೇ ಬರುತ್ತಾಳೆ ಎಂದು ಬೀಗಿದಳು. ಸೊಸೆ ಬರದಿದ್ದಾಗ ದೂರು ಹೇಳಲು ಯಜಮಾನನ ಮನೆಗೆ ನಡೆದಳು.

ಯಜಮಾನ ಇರಲಿಲ್ಲ. ಅವನ ಹೆಂಡತಿ ಪುಸೆಲೆಟ್ಸೊ ಕೈತೋಟಕ್ಕೆ ಹೊದಿಸಿದ್ದ ಹಳೇ ಗೋಣಿ ತೆಗೆಯುತ್ತಿದ್ದಳು. ಕೆಳಗೆ ಅಂಗೈಯಗಲದ ಪಾಲಕ್, ಕಡ್ಡಿಗೆ ಹಬ್ಬಿದ ಬಟಾಣಿ. ಮಾಖೊತ್ಸೊ ಬಗ್ಗಿ ಎಲೆ ಮುಟ್ಟಿ ನೋಡಿದಳು.

"ಯಜಮಾನರ ಹೊಲ ಉತ್ತಾಯ್ತಾ?"

"ಮಳೆನೇ ಬಂದಿಲ್ವಲ್ಲಕ್ಕಾ."

"ಮತ್ತೆ ಇದು?"

"ಇದು ಸಾರಿಗೆ. ನೇಗಿಲು ಬರ್ಲಿ ಅಂತ ಕೂತ್ರೆ ಅವರ ಮುದ್ದೆಗೆ ನಾನೇನು ಕಲ್ಲು ಬೇಯಿಸಿ ಹಾಕ್ಲಾ?"

ಮಾಖೊತ್ಸೊ ನಡೆದದ್ದನ್ನು ಹೇಳಿದಳು. ಪುಸೆಲೆಟ್ಸೊ ನಗಲಿಲ್ಲ. ಊರ ಎತ್ತುಗಳು ಮೊದಲು ಊರ ಕೆಲಸಕ್ಕೆ ಸಿಗಲಿ ಎಂದು ಹಿರಿಯರು ಮಾಡಿದ ಕಟ್ಟಳೆ ಅದು, ಮಕ್ಕಳ ತಟ್ಟೆ ಖಾಲಿ ಇಡಲು ಅಲ್ಲ ಎಂದಳು. ಜೋಳ ಬಿಸಿಲಿನ ಕೂಸು, ಇಬ್ಬನಿ ಹೆಪ್ಪುಗಟ್ಟಿದರೆ ಸಾಯುತ್ತದೆ. ಬಟಾಣಿ, ಪಾಲಕ್, ಕೋಸು, ಕ್ಯಾರೆಟ್ ಚಳಿಯ ಕೂಸುಗಳು. ಹಿಡಿ ಮಣ್ಣು ಹಿಸುಕಿ ಬಿಟ್ಟರೆ ಉದುರಬೇಕು, ಆಗ ಬಿತ್ತಬೇಕು. ಕೊರೆಯುವ ಚಳಿಯಿದ್ದರೆ ಸಂಜೆ ಗೋಣಿ ಹೊದಿಸಿ ಬಿಸಿಲೇರಿದ ಮೇಲೆ ತೆಗೆಯಬೇಕು. ನೀರು ಬೆಳಿಗ್ಗೆಯೇ ಹಾಕಬೇಕು. ತರಕಾರಿ ತೊಳೆದ ನೀರೇ ಸಾಕು. ಇನ್ನೂ ಕಾಲ ಮೀರಿಲ್ಲ ಎಂದು ಹೇಳಿ ಹಿಡಿ ಬೀಜವನ್ನೂ ಕೊಟ್ಟಳು.

ಮಾಖೊತ್ಸೊ ಅಂದೇ ತನ್ನ ಕೈಯಾರೆ ಬಿತ್ತಿದಳು. ಸೊಪ್ಪು ಬಲಿತಾಗ ಕಂತೆ ಕಟ್ಟಿಕೊಂಡು ಗುಡ್ಡ ದಾಟಿದಳು. ಬೀಗರ ಮನೆಯಲ್ಲಿ ಸೊಪ್ಪು ಬೇಯಿತು. ಮಗು ಮುದ್ದೆಯ ಜೊತೆ ತಿಂದು ಬೆರಳು ನೆಕ್ಕಿತು.

"ತಪ್ಪು ನಂದೇ. ಮನೆಗೆ ಬಾ ಮಗಳೇ, ತೋಟ ನೀನೇ ನೋಡ್ಕೋ," ಎಂದಳು ಮಾಖೊತ್ಸೊ.

"ಸೊಪ್ಪು ತಂದ್ರಿ, ಸಂತೋಷ," ಎಂದಳು ಮಾದಿನೆಯೊ. "ಮೊಮ್ಮಗಳಿಗೆ ರಕ್ತ ಇಲ್ಲ ಅಂತ ಕೇಳಿದ್ಮೇಲೂ ಮೊಳಕೆ ಕಿತ್ರಲ್ಲ, ಅದನ್ನ ನುಂಗೋಕೆ ನಂಗಿನ್ನೂ ಆಗ್ತಿಲ್ಲ."

ಅವಳು ಮಗುವನ್ನು ಎತ್ತಿಕೊಂಡು ಹಿತ್ತಲ ಬಾಗಿಲಿಂದ ಹೊರಗೆ ಹೋದಳು. ಮಾಖೊತ್ಸೊ ಮುಂದಿಟ್ಟ ಚಹಾ ಆರುವವರೆಗೂ ಕಾದಳು. ಸೊಸೆ ಒಳಗೆ ಬರಲಿಲ್ಲ.

ಅಕ್ಕಂದಿರೇ, ಅತ್ತೆಯರೇ, ಹಿರಿಯರ ಮಾತು ಮೀರಿ ಎಂದು ನಾನು ಹೇಳುತ್ತಿಲ್ಲ. ಆ ಮಾತು ಯಾವ ಬೆಳೆಗೆ, ಯಾಕೆ ಎಂದು ಕೇಳಿ ತಿಳಿಯಿರಿ. ಅಂಗಳದಲ್ಲಿ ಚಾಪೆಯಗಲ ಜಾಗವಿದ್ದರೂ ತಂಪು ಇರುವಾಗಲೇ ಸೊಪ್ಪು, ಬಟಾಣಿ ಹಾಕಿ. ಮನೆಯ ಹೆಣ್ಣುಮಗಳು ಬಿತ್ತಲು ಹೊರಟರೆ ಅಡ್ಡ ನಿಲ್ಲಬೇಡಿ, ನೀರಿನ ಕೊಡ ಎತ್ತಿ ಕೊಡಿ. ಹಾಳಾದ ಪಾತಿಗೆ ಮತ್ತೆ ಬೀಜ ಹಾಕಬಹುದು. ಮುರಿದ ಮನಸ್ಸಿಗೆ ಅಷ್ಟು ಸುಲಭವಲ್ಲ.